ಖಾಲಿ ಸೀಟಿನ ಸರದಿ: ವಿಮಾನ ಕಂಪನಿಗಳ ವಿಲೀನ ಮತ್ತು ನೌಕರರ ಪ್ರಯಾಣ ಸೌಲಭ್ಯ

ವಿಮಾನಯಾನ ಕಂಪನಿಗಳಲ್ಲಿ ದುಡಿಯುವವರಿಗೆ ಸಂಬಳದ ಜೊತೆಗೆ ಸಿಗುವ ಒಂದು ಸೌಲಭ್ಯ ಬೇರೆ ಉದ್ಯೋಗಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ತಮ್ಮ ಕಂಪನಿಯ ವಿಮಾನದಲ್ಲಿ ಅವರು ಉಚಿತವಾಗಿ ಅಥವಾ ತೀರ ಕಡಿಮೆ ದರದಲ್ಲಿ ಓಡಾಡಬಹುದು. ಪೈಲಟ್, ಗಗನಸಖಿ, ಎಂಜಿನಿಯರ್, ಚೆಕ್‌ಇನ್ ಕೌಂಟರಿನ ಸಿಬ್ಬಂದಿ, ಕಚೇರಿಯ ಗುಮಾಸ್ತ ಎಲ್ಲರಿಗೂ ದರ್ಜೆ ಮತ್ತು ಸೇವಾವಧಿಗೆ ತಕ್ಕಂತೆ ಇದು ದೊರೆಯುತ್ತದೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅನೇಕ ಕಂಪನಿಗಳಲ್ಲಿ ತಂದೆತಾಯಿಯೂ ಇದರಲ್ಲಿ ಸೇರುತ್ತಾರೆ. ಏರ್ ಇಂಡಿಯಾದ ಹಳೆಯ ನೌಕರರು ಇದನ್ನು ‘ಪ್ಯಾಸೇಜ್’ ಎನ್ನುತ್ತಾರೆ, ಖಾಸಗಿ ಕಂಪನಿಗಳವರು ‘ಸ್ಟಾಫ್ ಟ್ರಾವೆಲ್’ ಅಥವಾ ‘ಐಡಿ ಟಿಕೆಟ್’ ಎನ್ನುತ್ತಾರೆ. ಎರಡು ಕಂಪನಿಗಳು ಒಂದಾದಾಗ ಈ ಸೌಲಭ್ಯದ ನಿಯಮಗಳೂ ಒಂದಾಗಬೇಕಾಗುತ್ತದೆ. ಆಗ ಹುಟ್ಟುವ ಅಸಮಾಧಾನ ಹೊರಗಿನವರಿಗೆ ಬಿಟ್ಟಿ ಟಿಕೆಟಿಗಾಗಿ ನಡೆಯುವ ಜಗಳದಂತೆ ಕಾಣಬಹುದು. ನೌಕರರ ಪಾಲಿಗೆ ಅದು ಸಂಬಳದ ಒಂದು ಭಾಗವನ್ನು ಕಳೆದುಕೊಂಡಂತೆ.

ಇಂಥ ಟಿಕೆಟುಗಳಲ್ಲಿ ಎರಡು ಬಗೆ. ವರ್ಷಕ್ಕೆ ಕೆಲವೇ ಕೆಲವು ಸಿಗುವ ಖಚಿತ ಟಿಕೆಟ್ ಒಂದು. ಸಂಖ್ಯೆಯಲ್ಲಿ ಹೆಚ್ಚು ಇರುವುದು ‘ಸ್ಟ್ಯಾಂಡ್‌ಬೈ’ ಟಿಕೆಟ್. ಮೂಲದರದಲ್ಲಿ ಶೇ 90ರಷ್ಟು ರಿಯಾಯಿತಿ ಇರುವ ಟಿಕೆಟಿಗೆ ಜಗತ್ತಿನಾದ್ಯಂತ ‘ಐಡಿ 90’ ಎಂಬ ಹೆಸರಿದೆ. ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ನೌಕರರೇ ಕಟ್ಟಬೇಕು. ಬೇರೆ ಕಂಪನಿಗಳ ವಿಮಾನದಲ್ಲಿ ಹೋಗಲು ‘ಜೆಡ್’ ಎಂಬ ಇನ್ನೊಂದು ಏರ್ಪಾಡಿದೆ. ಪರಸ್ಪರ ಒಪ್ಪಂದ ಮಾಡಿಕೊಂಡ ಕಂಪನಿಗಳು ದೂರದ ವಲಯಗಳಿಗೆ ಅನುಗುಣವಾಗಿ ನಿಗದಿ ಮಾಡಿದ ಅಗ್ಗದ ದರದಲ್ಲಿ ಒಬ್ಬರ ನೌಕರರನ್ನು ಇನ್ನೊಬ್ಬರು ಕರೆದೊಯ್ಯುತ್ತಾರೆ. ಸ್ಟ್ಯಾಂಡ್‌ಬೈ ಟಿಕೆಟ್ ಕೈಯಲ್ಲಿದ್ದರೆ ಸೀಟು ಸಿಕ್ಕಿತೆಂದಲ್ಲ. ಹಣ ಕೊಟ್ಟ ಪ್ರಯಾಣಿಕರೆಲ್ಲ ಹತ್ತಿದ ಮೇಲೆ ಉಳಿದ ಸೀಟುಗಳನ್ನು ಪಟ್ಟಿಯಲ್ಲಿರುವ ಕ್ರಮದಂತೆ ಕೊಡುತ್ತಾರೆ. ಕೆಲವೊಮ್ಮೆ ಸೀಟು ಖಾಲಿ ಇದ್ದರೂ ತೂಕದ ಮಿತಿ ಅಡ್ಡ ಬರುತ್ತದೆ. ಸರಕು ಹೆಚ್ಚಿದ್ದರೆ, ಬಿಸಿಲಿನ ದಿನ ಗಿಡ್ಡ ರನ್‌ವೇಯಿಂದ ಮೇಲೇರಬೇಕಾದರೆ ಕಾಯುವವರು ಕೆಳಗೇ ಉಳಿಯುತ್ತಾರೆ. ಹತ್ತಿ ಕುಳಿತ ಮೇಲೆ ಇಳಿಸುವುದೂ ಉಂಟು. ಅದಕ್ಕೆ ‘ಆಫ್‌ಲೋಡ್’ ಎನ್ನುತ್ತಾರೆ. ಪ್ರಯಾಣ ಹೊರಡುವ ಮುನ್ನ ನೌಕರರು ಪರಸ್ಪರ ಕೇಳಿಕೊಳ್ಳುವ ಮೊದಲ ಪ್ರಶ್ನೆ ‘ಲೋಡ್ ಎಷ್ಟಿದೆ?’, ಅಂದರೆ ವಿಮಾನ ಎಷ್ಟು ತುಂಬಿದೆ ಎಂಬುದು.

ಖಾಲಿ ಸೀಟಿನೊಂದಿಗೆ ಹಾರಿದ ವಿಮಾನಕ್ಕೆ ಆ ಸೀಟಿನಿಂದ ಬಿಡಿಗಾಸೂ ಬರುವುದಿಲ್ಲ. ಅದರಲ್ಲಿ ನೌಕರರೊಬ್ಬರು ಕುಳಿತರೆ ತಗಲುವ ಹೆಚ್ಚುವರಿ ಖರ್ಚು ಬಹಳ ಕಡಿಮೆ. ಆದ್ದರಿಂದ ಕಂಪನಿಯ ಲೆಕ್ಕದಲ್ಲಿ ಇದು ತಾನು ಕೊಡುವ ಉಡುಗೊರೆ. ನೌಕರರ ಲೆಕ್ಕವೇ ಬೇರೆ. ವಿಮಾನಯಾನದಲ್ಲಿ ಆರಂಭದ ಸಂಬಳ ಹಲವು ಹುದ್ದೆಗಳಲ್ಲಿ ಸಾಧಾರಣವಾದುದು, ಪಾಳಿಗೆ ಹೊತ್ತುಗೊತ್ತಿಲ್ಲ, ಹಬ್ಬಗಳು ಡ್ಯೂಟಿಯಲ್ಲೇ ಕಳೆದುಹೋಗುತ್ತವೆ. ಅದನ್ನೆಲ್ಲ ಸಹಿಸಿಕೊಂಡು ವರ್ಷಗಟ್ಟಲೆ ನಿಲ್ಲುವುದಕ್ಕೆ ಈ ಪ್ರಯಾಣವೂ ಒಂದು ಕಾರಣ. ಭಾರತದ ತೆರಿಗೆ ಕಾನೂನು ಕೂಡ ಇದರ ವಿಶೇಷತೆಯನ್ನು ಗುರುತಿಸಿತ್ತು. ಸಾರಿಗೆ ಸಂಸ್ಥೆಗಳು ನೌಕರರಿಗೆ ಕೊಡುವ ಉಚಿತ ಪ್ರಯಾಣವನ್ನು ಆದಾಯವೆಂದು ಎಣಿಸುವ 1962ರ ಆದಾಯ ತೆರಿಗೆ ನಿಯಮಗಳು ವಿಮಾನ ಕಂಪನಿ ಮತ್ತು ರೈಲ್ವೆ ನೌಕರರನ್ನು ಮಾತ್ರ ಆ ಲೆಕ್ಕದಿಂದ ಹೊರಗಿಟ್ಟಿದ್ದವು. ಒಂದೇ ಸೀಟನ್ನು ಒಬ್ಬರು ದಾನವೆಂದೂ ಇನ್ನೊಬ್ಬರು ದುಡಿಮೆಯ ಫಲವೆಂದೂ ತಿಳಿದಿರುವುದೇ ವಿಲೀನದ ಹೊತ್ತಿನಲ್ಲಿ ಬಿರುಕಾಗಿ ತೋರುತ್ತದೆ.

ಸ್ಟ್ಯಾಂಡ್‌ಬೈ ಟಿಕೆಟಿನ ನಿಜವಾದ ಬೆಲೆ ತಿಳಿಯಬೇಕಾದರೆ ವಿಮಾನ ನಿಲ್ದಾಣದಿಂದ ದೂರದ ಊರುಗಳಿಂದ ನೋಡಬೇಕು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ಎರಡೂ ಮೈಸೂರಿನಿಂದ ಸುಮಾರು 60 ಕಿಲೋಮೀಟರ್ ದೂರ. ಎರಡೂ ಊರುಗಳಿಗೆ ಹತ್ತಿರದ ವಿಮಾನ ನಿಲ್ದಾಣ ಮಂಡಕಳ್ಳಿಯದು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಬಸ್ಸುಗಳು ಅದರ ಪಕ್ಕದಲ್ಲೇ ಸಾಗುತ್ತವೆ. ಆದರೆ 1,740 ಮೀಟರಿನ ಅದರ ರನ್‌ವೇಯಲ್ಲಿ ಸುಮಾರು 70 ಸೀಟಿನ ಎಟಿಆರ್ ಬಗೆಯ ವಿಮಾನಗಳಷ್ಟೇ ಸೇವೆ ನಡೆಸಬಲ್ಲವು. ಇರುವ ಹಾರಾಟಗಳೂ ಬೆರಳೆಣಿಕೆಯವು. ಅಲ್ಲಿ ಸೀಟು ಸಿಗದಿದ್ದರೆ ಮುಂದಿನ ದಾರಿ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣ. ಗುಂಡ್ಲುಪೇಟೆಯಿಂದ ಅದು 200 ಕಿಲೋಮೀಟರಿಗೂ ಹೆಚ್ಚು. ಮೈಸೂರಿಗೆ ಒಂದು ಬಸ್ಸು, ಬೆಂಗಳೂರಿಗೆ ಇನ್ನೊಂದು, ನಗರವನ್ನು ದಾಟಲು ಮತ್ತೊಂದು. ಕೊಲ್ಲಿ ದೇಶಗಳಿಗೆ ವಿಮಾನಗಳು ಹೆಚ್ಚಿರುವ ಕಲ್ಲಿಕೋಟೆಯ ಕರಿಪುರ ಮತ್ತು 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ನಿಲ್ದಾಣಗಳು ಘಟ್ಟದಾಚೆ ಇವೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರದ ಕಾಡನ್ನು ಹಾದು ಹೋಗುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಊಟಿಯ ಕಡೆಯ ಹೆದ್ದಾರಿಗೂ ಅದೇ ನಿಯಮ. ಕಾಡುಪ್ರಾಣಿಗಳ ರಕ್ಷಣೆಗೆ ಅದು ಬೇಕಾದ ನಿಯಮವೇ. ಆದರೆ ಸಂಜೆಯ ವಿಮಾನದಲ್ಲಿ ಸೀಟು ಸಿಗದೆ ಕರಿಪುರದಿಂದ ಹಿಂದಿರುಗುವವರು ರಾತ್ರಿಯನ್ನು ಬತ್ತೇರಿಯಲ್ಲೋ ಕಲ್ಲಿಕೋಟೆಯಲ್ಲೋ ಕಳೆಯಬೇಕಾಗುತ್ತದೆ.

ಬೆಂಗಳೂರಿನ ಯಲಹಂಕದಲ್ಲಿ ಮನೆಯಿರುವವರಿಗೆ ಸೀಟು ತಪ್ಪಿದರೆ ಅರ್ಧ ದಿನ ಹಾಳು. ಊರು ಗುಂಡ್ಲುಪೇಟೆಯಾಗಿದ್ದು ದೆಹಲಿಯಲ್ಲೋ ದುಬೈಯಲ್ಲೋ ನೆಲೆಸಿರುವ ನೌಕರರಿಗೆ ಅದು ಎರಡು ದಿನದ ರಜೆ, ಲಾಡ್ಜಿನ ಬಾಡಿಗೆ, ಕೆಲವೊಮ್ಮೆ ಕೊನೆಯ ಗಳಿಗೆಯ ಪೂರ್ತಿ ದರದ ಟಿಕೆಟ್. ಪಟ್ಟಿಯಲ್ಲಿ ಹತ್ತು ಸ್ಥಾನ ಕೆಳಗೆ ಹೋಗುವುದೆಂದರೆ ಏನೆಂದು ಅರ್ಥವಾಗುವುದು ಇಲ್ಲಿಯೇ. ಸೌಲಭ್ಯ ಕಾಗದದ ಮೇಲೆ ಹಾಗೆಯೇ ಇರುತ್ತದೆ, ಊರಿಗೆ ಹೋಗುವ ಭರವಸೆ ಇರುವುದಿಲ್ಲ.

ವಿಲೀನದ ನಂತರ ಮೊದಲು ಎದುರಾಗುವ ಪ್ರಶ್ನೆ ಈ ಪಟ್ಟಿಯ ಕ್ರಮದ್ದೇ. ಕೆಲವು ಕಂಪನಿಗಳಲ್ಲಿ ಸೇವಾ ಹಿರಿತನವೇ ಮಾನದಂಡ. ಇಪ್ಪತ್ತೈದು ವರ್ಷ ದುಡಿದವರು ನಿನ್ನೆ ಸೇರಿದವರಿಗಿಂತ ಮುಂದೆ. ಇನ್ನು ಕೆಲವು ಕಂಪನಿಗಳಲ್ಲಿ ಮೊದಲು ಚೆಕ್‌ಇನ್ ಮಾಡಿದವರಿಗೆ ಮೊದಲ ಸೀಟು. ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುವುದಕ್ಕೂ ವಯಸ್ಸಾದವರಿಗೆ ಎದ್ದು ಜಾಗ ಬಿಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಎರಡಕ್ಕೂ ಅದರದೇ ನ್ಯಾಯವಿದೆ. ಹಿರಿತನದ ಪದ್ಧತಿಯಲ್ಲಿ ಕಿರಿಯರು ರಜೆಯ ಕಾಲದಲ್ಲಿ ಎಂದೂ ಹತ್ತಲಾರರು, ಚೆಕ್‌ಇನ್ ಪದ್ಧತಿಯಲ್ಲಿ ಹಿರಿಯರು ಗಳಿಸಿಟ್ಟುಕೊಂಡದ್ದೆಲ್ಲ ಒಂದು ಕ್ಲಿಕ್ಕಿನ ಮುಂದೆ ಶೂನ್ಯವಾಗುತ್ತದೆ. ಎರಡು ಪದ್ಧತಿಗಳನ್ನು ಬೆರೆಸುವುದು ಕಷ್ಟ. ಒಂದನ್ನು ಆರಿಸಲೇಬೇಕು, ಆರಿಸಿದ ದಿನವೇ ಒಂದು ಕಂಪನಿಯ ನೌಕರರೆಲ್ಲ ತಾವು ಸೋತೆವೆಂದುಕೊಳ್ಳುತ್ತಾರೆ.

ಇದರ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 2013ರ ಡಿಸೆಂಬರಿನಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಯುಎಸ್ ಏರ್‌ವೇಸ್ ಒಂದಾದವು. ಯುಎಸ್ ಏರ್‌ವೇಸಿನಲ್ಲಿ ಹಿರಿತನದ ಕ್ರಮವಿತ್ತು, ಅಮೆರಿಕನ್‌ನಲ್ಲಿ ಚೆಕ್‌ಇನ್ ಸಮಯದ ಕ್ರಮ. ಹೊಸ ಕಂಪನಿ ಚೆಕ್‌ಇನ್ ಕ್ರಮವನ್ನೇ ಉಳಿಸಿಕೊಂಡಿತು, ನಿವೃತ್ತರನ್ನು ಸೇವೆಯಲ್ಲಿರುವವರ ಹಿಂದಕ್ಕೆ ಸರಿಸಿತು. ದಶಕಗಳ ಕಾಲ ಒಂದು ಕ್ರಮವನ್ನು ನಂಬಿ ಬದುಕನ್ನು ಹೊಂದಿಸಿಕೊಂಡಿದ್ದವರಿಗೆ, ಒಂದು ಊರಿನಲ್ಲಿ ಮನೆ ಮಾಡಿ ಇನ್ನೊಂದು ಊರಿನ ಡ್ಯೂಟಿಗೆ ವಿಮಾನದಲ್ಲೇ ಹೋಗಿಬರುತ್ತಿದ್ದ ಸಿಬ್ಬಂದಿಗೆ, ಇದು ದೊಡ್ಡ ಪೆಟ್ಟಾಯಿತು. ಚೆಕ್‌ಇನ್ ತೆರೆಯುವ ಕ್ಷಣಕ್ಕೆ ಫೋನ್ ಹಿಡಿದು ಕಾಯುವುದು ಅಲ್ಲಿ ದಿನಚರಿಯ ಭಾಗವಾಯಿತು.

ಹಿರಿತನವನ್ನೇ ಒಪ್ಪಿಕೊಂಡರೂ ತೊಡಕು ಮುಗಿಯುವುದಿಲ್ಲ. ಯಾವ ದಿನದಿಂದ ಹಿರಿತನ? ಮೂಲ ಕಂಪನಿಗೆ ಸೇರಿದ ದಿನದಿಂದಲೋ, ವಿಲೀನದ ದಿನದಿಂದಲೋ? ಹತ್ತು ವರ್ಷದ ಕಂಪನಿಯೊಂದು ಎಪ್ಪತ್ತು ವರ್ಷದ ಕಂಪನಿಯಲ್ಲಿ ಸೇರಿದರೆ ಚಿಕ್ಕ ಕಂಪನಿಯ ಅತ್ಯಂತ ಹಿರಿಯರೂ ದೊಡ್ಡ ಪಟ್ಟಿಯ ನಡುವಿಗೆ ಹೋಗುತ್ತಾರೆ. ಎರಡೂ ಕಂಪನಿಗಳು ಒಂದೇ ಮಾರ್ಗದಲ್ಲಿ ಹಾರಿಸುತ್ತಿದ್ದ ವಿಮಾನಗಳಲ್ಲಿ ಕೆಲವನ್ನು ರದ್ದುಪಡಿಸುವುದೇ ವಿಲೀನದ ಒಂದು ಉದ್ದೇಶವಾದ್ದರಿಂದ ಖಾಲಿ ಸೀಟುಗಳು ಕಡಿಮೆಯಾಗುತ್ತವೆ, ಕಾಯುವವರು ಹೆಚ್ಚುತ್ತಾರೆ. ಬೇರೆ ಕಂಪನಿಗಳೊಡನೆ ಇದ್ದ ಜೆಡ್ ಒಪ್ಪಂದಗಳು ಹಳೆಯ ಕಂಪನಿಯ ಹೆಸರಿನಲ್ಲಿದ್ದವು, ಅವನ್ನು ಹೊಸದಾಗಿ ಬರೆಸಬೇಕು. ಕುಟುಂಬ ಎಂದರೆ ಯಾರು ಎಂಬುದೂ ಬದಲಾಗಬಹುದು. ಒಂದು ಕಂಪನಿ ಅತ್ತೆಮಾವಂದಿರನ್ನು ಸೇರಿಸಿದ್ದರೆ ಇನ್ನೊಂದು ಸೇರಿಸಿರುವುದಿಲ್ಲ, ಮದುವೆಯಾಗದವರಿಗೆ ಒಂದು ಕಂಪನಿ ಅಣ್ಣತಮ್ಮಂದಿರ ಹೆಸರು ಬರೆಯಲು ಬಿಟ್ಟಿದ್ದರೆ ಇನ್ನೊಂದು ಬಿಟ್ಟಿರುವುದಿಲ್ಲ. ಊರಿನಲ್ಲಿ ತಂದೆತಾಯಿಯನ್ನು ಬಿಟ್ಟು ಬಂದವರಿಗೆ ಈ ಒಂದು ಸಾಲು ಉಳಿದೆಲ್ಲಕ್ಕಿಂತ ಭಾರವಾದುದು.

ಭಾರತದಲ್ಲಿ ವಿಮಾನ ಕಂಪನಿಗಳ ವಿಲೀನ ಹೊಸದಲ್ಲ. 1953ರ ರಾಷ್ಟ್ರೀಕರಣದಲ್ಲಿ ಎಂಟು ದೇಶೀಯ ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಲಾಯಿತು. ಇತ್ತೀಚಿನ ನೆನಪಿನಲ್ಲಿ ಆಳವಾಗಿ ಉಳಿದಿರುವುದು 2007ರ ವಿಲೀನ. ಆ ವರ್ಷ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು. ಒಂದರ ಜಾಲ ಮುಖ್ಯವಾಗಿ ವಿದೇಶಗಳಿಗೆ, ಇನ್ನೊಂದರದು ದೇಶದೊಳಗೆ. ವೇತನ, ಬಡ್ತಿ, ಹಿರಿತನ ಎಲ್ಲ ಬೇರೆ ಬೇರೆ. ಕಂಪನಿ ಒಂದಾಗಿ ನಾಲ್ಕು ವರ್ಷ ಕಳೆದರೂ ನೌಕರರು ಎರಡಾಗಿಯೇ ಉಳಿದರು. 2011ರ ಏಪ್ರಿಲ್ ಕೊನೆಯಲ್ಲಿ ಹಿಂದಿನ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ವೇತನ ಕೇಳಿ ಹತ್ತು ದಿನ ಮುಷ್ಕರ ಹೂಡಿದರು. 2012ರಲ್ಲಿ ಹಿಂದಿನ ಏರ್ ಇಂಡಿಯಾ ಪೈಲಟ್‌ಗಳು ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಯಲ್ಲಿ ಇನ್ನೊಂದು ಬಣಕ್ಕೂ ಪಾಲು ಕೊಡುವುದನ್ನು ವಿರೋಧಿಸಿ 58 ದಿನ ಕೆಲಸದಿಂದ ದೂರ ಉಳಿದರು. ಎರಡು ಬಣಗಳ ವೇತನ ಮತ್ತು ಸೇವಾ ನಿಯಮಗಳನ್ನು ಹೊಂದಿಸುವ ದಾರಿ ಹುಡುಕಲು ಸರ್ಕಾರ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿಯನ್ನು ನೇಮಿಸಬೇಕಾಯಿತು. 2012ರ ಆರಂಭದಲ್ಲಿ ಅದರ ವರದಿ ಬಂತು. ಸೇವಾ ನಿಯಮಗಳನ್ನು ಮೊದಲು ಹೊಂದಿಸದೆ ಕಂಪನಿಗಳನ್ನು ಮಾತ್ರ ಜೋಡಿಸಿದ್ದರ ಬೆಲೆ ಅದು.

ಕರ್ನಾಟಕದ ನೆಲದಲ್ಲೇ ನಡೆದ ದೊಡ್ಡ ವಿಲೀನ ಏರ್ ಡೆಕ್ಕನ್ ಮತ್ತು ಕಿಂಗ್‌ಫಿಷರ್‌ಗಳದು. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಆರಂಭಿಸಿದ ಏರ್ ಡೆಕ್ಕನ್, ಕಡಿಮೆ ದರದ ವಿಮಾನಯಾನವನ್ನು ದೇಶಕ್ಕೆ ಪರಿಚಯಿಸಿತು. 2007ರಲ್ಲಿ ಕಿಂಗ್‌ಫಿಷರ್‌ನ ಒಡೆತನದ ಯುಬಿ ಸಮೂಹ ಅದರಲ್ಲಿ ಪಾಲು ಕೊಂಡಿತು, 2008ರಲ್ಲಿ ಅದು ‘ಕಿಂಗ್‌ಫಿಷರ್ ರೆಡ್’ ಆಯಿತು. ಮಿತವ್ಯಯವೇ ಧರ್ಮವಾಗಿದ್ದ ಕಂಪನಿಯ ನೌಕರರು ವೈಭವವೇ ಗುರುತಾಗಿದ್ದ ಕಂಪನಿಯ ನೌಕರರೊಡನೆ ಸೇರಿದರು. ಮಂಡಕಳ್ಳಿಯಿಂದ 2010ರ ಅಕ್ಟೋಬರಿನಲ್ಲಿ ವಾಣಿಜ್ಯ ಸೇವೆ ಶುರು ಮಾಡಿದ್ದೂ ಕಿಂಗ್‌ಫಿಷರ್ ವಿಮಾನವೇ, ಆದರೆ ಅದು ಹೆಚ್ಚು ಕಾಲ ನಿಲ್ಲಲಿಲ್ಲ. 2012ರ ಅಕ್ಟೋಬರಿನಲ್ಲಿ ಕಂಪನಿಯ ಹಾರಾಟವೇ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಸಂಬಳವೇ ಬಾರದವರಿಗೆ ಪ್ರಯಾಣದ ಸೌಲಭ್ಯ ಬರೀ ಹೆಸರಾಗಿ ಉಳಿಯಿತು.

ವಿಲೀನದಷ್ಟೇ ವಿಭಜನೆಯೂ ನೋಯಿಸಬಲ್ಲದು. 2022ರ ಜನವರಿ 27ರಂದು ಏರ್ ಇಂಡಿಯಾ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ನೆಲದ ಸೇವೆ ಒದಗಿಸುವ ಏರ್ ಇಂಡಿಯಾ ಸ್ಯಾಟ್ಸ್‌ನ ಅರ್ಧ ಪಾಲು ಟಾಟಾ ಸಮೂಹಕ್ಕೆ ಹಸ್ತಾಂತರವಾದವು. ಅಲಯನ್ಸ್ ಏರ್ ಮತ್ತು ನೆಲದ ಸೇವೆಗಳ ಇನ್ನೊಂದು ಕಂಪನಿ ಸರ್ಕಾರದ ಬಳಿಯೇ ಉಳಿದವು. 2019ರಲ್ಲಿ ಉಡಾನ್ ಯೋಜನೆಯಡಿ ಮೈಸೂರಿನಿಂದ ವಿಮಾನ ಹಾರಿಸಿದ್ದು ಇದೇ ಅಲಯನ್ಸ್ ಏರ್. ಒಂದೇ ಮನೆಯವರಂತೆ ಒಂದೇ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದವರು ಬೇರೆ ಬೇರೆ ಮಾಲೀಕರ ನೌಕರರಾದರು. ಇದಲ್ಲದೆ, ನಿಲ್ದಾಣದಲ್ಲಿ ಸೂಟ್‌ಕೇಸ್ ಎತ್ತುವವರು, ವಿಮಾನ ಶುಚಿ ಮಾಡುವವರು, ಗಾಲಿಕುರ್ಚಿ ತಳ್ಳುವವರಲ್ಲಿ ಹೆಚ್ಚಿನವರು ಗುತ್ತಿಗೆ ಸಂಸ್ಥೆಗಳವರು. ಸ್ಟಾಫ್ ಟ್ರಾವೆಲ್ ಕುರಿತ ಚರ್ಚೆಗಳಲ್ಲಿ ಅವರ ಹೆಸರು ಬರುವುದು ಅಪರೂಪ. ಇದು ಮುಜುಗರ ತರಬೇಕಾದ ಸಂಗತಿ.

2024ರಲ್ಲಿ ಟಾಟಾ ಸಮೂಹ ತನ್ನ ನಾಲ್ಕು ವಿಮಾನ ಕಂಪನಿಗಳನ್ನು ಎರಡಕ್ಕೆ ಇಳಿಸಿತು. ಬೆಂಗಳೂರಿನಲ್ಲಿ ನೆಲೆಯೂರಿ 2014ರ ಜೂನ್‌ನಲ್ಲಿ ಹಾರಾಟ ಆರಂಭಿಸಿದ್ದ ಏರ್‌ಏಷ್ಯಾ ಇಂಡಿಯಾ, ಮೊದಲು ಎಐಎಕ್ಸ್ ಕನೆಕ್ಟ್ ಎಂದು ಹೆಸರು ಬದಲಿಸಿಕೊಂಡು 2024ರ ಅಕ್ಟೋಬರ್ 1ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿತು. ವಿಸ್ತಾರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಎರಡೂ ವಿಲೀನಗಳಿಗೆ ಮುನ್ನವೇ ಕಿಡಿ ಹೊತ್ತಿತ್ತು. ಏಪ್ರಿಲ್‌ನಲ್ಲಿ ಹೊಸ ವೇತನ ಪದ್ಧತಿಯ ಬಗ್ಗೆ ಪೈಲಟ್‌ಗಳ ಅಸಮಾಧಾನದ ನಡುವೆ ವಿಸ್ತಾರ ದಿನಕ್ಕೆ 25ರಿಂದ 30 ಹಾರಾಟಗಳನ್ನು ಕಡಿತ ಮಾಡಬೇಕಾಯಿತು. ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದರು. ಹಾರಾಟಗಳು ರದ್ದಾಗಿ ಕೇರಳದ ನಿಲ್ದಾಣಗಳಲ್ಲಿ ಕೊಲ್ಲಿಗೆ ಹೊರಟಿದ್ದ ಪ್ರಯಾಣಿಕರು ಪರದಾಡಿದರು. ವಿಲೀನದ ನೆಪದಲ್ಲಿ ಭತ್ಯೆಗಳು ಕಡಿಮೆಯಾದವು, ಎರಡು ಕಂಪನಿಗಳಿಂದ ಬಂದವರನ್ನು ಸಮಾನವಾಗಿ ಕಾಣುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಕೆಲಸದಿಂದ ತೆಗೆದಿದ್ದ 25 ಮಂದಿಯನ್ನು ಕೇಂದ್ರ ಕಾರ್ಮಿಕ ಆಯುಕ್ತರ ಸಮ್ಮುಖದ ಸಂಧಾನದ ನಂತರ ಮತ್ತೆ ಸೇರಿಸಿಕೊಳ್ಳಲಾಯಿತು.

ಇದೇ ಬಗೆಯ ಸೌಲಭ್ಯ ಬೇರೆಡೆ ಇಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ಅದಕ್ಕೆ ಚಾಮರಾಜನಗರವೇ ಸಾಕ್ಷಿ. ಮೈಸೂರಿನಿಂದ ನಂಜನಗೂಡಿನ ಮೂಲಕ ಬರುವ ರೈಲು ಮಾರ್ಗ 1926ರಲ್ಲಿ ಚಾಮರಾಜನಗರ ತಲುಪಿದಾಗ ಅದು ಮೈಸೂರು ಸಂಸ್ಥಾನದ ರೈಲ್ವೆ. 1951ರಲ್ಲಿ ಆ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು, 2003ರಲ್ಲಿ ಮೈಸೂರು ವಿಭಾಗ ಹೊಸ ನೈರುತ್ಯ ರೈಲ್ವೆಗೆ ಬಂತು. ಇಂದು ರೈಲ್ವೆ ನೌಕರರ ಉಚಿತ ಪಾಸು ಮತ್ತು ಮೂರನೇ ಒಂದರಷ್ಟು ದರದ ಟಿಕೆಟ್ ಆದೇಶಕ್ಕೆ 1986ರ ರೈಲ್ವೆ ನೌಕರರ ಪಾಸ್ ನಿಯಮಗಳ ಆಧಾರವಿದೆ. ದೇಶದ ಎಲ್ಲ ವಲಯಗಳಿಗೂ ಅವು ಒಂದೇ. ವಲಯ ಬದಲಾದರೆ ಪಾಸಿನ ಹಕ್ಕು ಬದಲಾಗುವುದಿಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿದಾಗ ಈ ಭಾಗದ ಶಾಖೆಗಳಲ್ಲೂ ನೌಕರರಿಗೆ ಆತಂಕವಿತ್ತು. ಆದರೆ ಅದು ಮುಖ್ಯವಾಗಿ ಪಿಂಚಣಿ, ಹಿರಿತನ, ವರ್ಗಾವಣೆಗಳ ಬಗ್ಗೆ. ರಜೆ ಪ್ರಯಾಣ ರಿಯಾಯಿತಿಯ ಚೌಕಟ್ಟು ನೌಕರ ಸಂಘಗಳು ಇಡೀ ಬ್ಯಾಂಕಿಂಗ್ ಉದ್ಯಮದೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿತ್ತು. ವಿಮಾನ ಕಂಪನಿಗಳ ಪ್ರಯಾಣ ಸೌಲಭ್ಯ ಹಾಗಲ್ಲ. ಅದು ಸಾಮಾನ್ಯವಾಗಿ ಕಂಪನಿಯ ಆಂತರಿಕ ನೀತಿಯಲ್ಲಿರುತ್ತದೆ, ‘ಯಾವಾಗ ಬೇಕಾದರೂ ಬದಲಾಯಿಸಬಹುದು’ ಎಂಬ ಸಾಲು ಅದರ ಜೊತೆಗಿರುತ್ತದೆ.

ಹಾಗೆಂದು ಕಾನೂನಿನ ಆಸರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ, ಸೇವಾ ಷರತ್ತುಗಳನ್ನು ಕಾರ್ಮಿಕರಿಗೆ ಪ್ರತಿಕೂಲವಾಗಿ ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕೆಂದು ಹೇಳುತ್ತಿತ್ತು. ಯಾವ ಬದಲಾವಣೆಗಳಿಗೆ ನೋಟಿಸ್ ಬೇಕೆಂದು ತಿಳಿಸುವ ನಾಲ್ಕನೇ ಅನುಸೂಚಿಯಲ್ಲಿ, ರೂಢಿಯಿಂದ ಬಂದ ರಿಯಾಯಿತಿ ಅಥವಾ ಸೌಲಭ್ಯವನ್ನು ಹಿಂತೆಗೆದುಕೊಳ್ಳುವುದೂ ಸೇರಿತ್ತು. ಬರಹದಲ್ಲಿಲ್ಲದೆ ಬಳಕೆಯಲ್ಲಿರುವ ಸೌಲಭ್ಯಕ್ಕೂ ಬೆಲೆಯಿದೆ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತು. 25ಎಫ್‌ಎಫ್ ಕಲಮಿನ ಪ್ರಕಾರ, ಸಂಸ್ಥೆಯೊಂದು ಬೇರೆಯವರ ಕೈಗೆ ಹೋದಾಗ ಸೇವಾ ಷರತ್ತುಗಳು ಮೊದಲಿಗಿಂತ ಕಡಿಮೆಯಾದರೆ ಕಾರ್ಮಿಕರು ಪರಿಹಾರಕ್ಕೆ ಅರ್ಹರಾಗಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಷರತ್ತು ಬದಲಾವಣೆಗೆ ನೋಟಿಸಿನ ನಿಯಮವನ್ನು ಉಳಿಸಿಕೊಂಡಿದೆ. ಆದರೆ ಈ ರಕ್ಷಣೆ ಕಾನೂನಿನ ಅರ್ಥದ ಕಾರ್ಮಿಕರಿಗಷ್ಟೇ, ವ್ಯವಸ್ಥಾಪಕ ಹುದ್ದೆಯವರಿಗಿಲ್ಲ. ನೋಟಿಸ್ ಕೊಟ್ಟ ಮಾತ್ರಕ್ಕೆ ಬದಲಾವಣೆ ನಿಲ್ಲುವುದೂ ಇಲ್ಲ. ಸಂಘ ಅದನ್ನು ವಿವಾದವಾಗಿ ಎತ್ತಿದರೆ ಮಾತ್ರ ಸಂಧಾನದ ಬಾಗಿಲು ತೆರೆಯುತ್ತದೆ. ಖಾಸಗಿ ವಿಮಾನ ಕಂಪನಿಗಳಲ್ಲಿ ಸಂಘಗಳು ದುರ್ಬಲ. ಕಂಪನಿಗಳ ವಿಲೀನ ಯೋಜನೆಯನ್ನು ಒಪ್ಪುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಕರೆಸುವ ಸಭೆಗಳಲ್ಲಿ ಷೇರುದಾರರು ಮತ್ತು ಸಾಲ ಕೊಟ್ಟವರು ಮತ ಹಾಕುತ್ತಾರೆ, ನೌಕರರಿಗೆ ಮತವಿಲ್ಲ.

ನೌಕರರ ಬೇಡಿಕೆಗಳು ವಿಪರೀತವಾದವುಗಳಲ್ಲ. ಮೂಲ ಕಂಪನಿಗೆ ಸೇರಿದ ದಿನಾಂಕವನ್ನೇ ಹಿರಿತನಕ್ಕೆ ಪರಿಗಣಿಸುವುದು, ಈಗಾಗಲೇ ನೋಂದಾಯಿಸಿದ ತಂದೆತಾಯಿಯ ಹೆಸರನ್ನು ಕೈಬಿಡದಿರುವುದು, ನಿವೃತ್ತರ ಸ್ಥಾನವನ್ನು ಉಳಿಸುವುದು, ಹೊಸ ನಿಯಮ ಜಾರಿಯಾಗುವ ಮುನ್ನ ಒಂದು ವರ್ಷವಾದರೂ ಹಳೆಯದನ್ನು ಮುಂದುವರಿಸುವುದು. ಇವುಗಳಲ್ಲಿ ಯಾವುದೂ ಕಂಪನಿಯ ಬೊಕ್ಕಸಕ್ಕೆ ದೊಡ್ಡ ಹೊರೆಯಲ್ಲ. ಜೊತೆಗೆ, ಮಧ್ಯದ ಊರಿನಲ್ಲಿ ಸಿಕ್ಕಿಬಿದ್ದವರಿಗೆ ಮರುದಿನದ ವಿಮಾನದಲ್ಲಿ ಆದ್ಯತೆ ಕೊಡುವ ಒಂದು ನಿಯಮವಿದ್ದರೆ, ನಿಲ್ದಾಣದಿಂದ ದೂರದ ಊರಿನವರ ಅರ್ಧ ಕಷ್ಟ ತೀರುತ್ತದೆ. ಈ ಬೇಡಿಕೆಗಳನ್ನು ಎತ್ತುವ ಜಾಗ ಯಾವುದೆಂಬುದರಲ್ಲೂ ಗೊಂದಲವಿದೆ. ವಿಮಾನಯಾನ ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುವ ಉದ್ಯಮ. ಹಾಗಾಗಿ ಇಂಥ ವಿವಾದ ಚಾಮರಾಜನಗರದ ಜಿಲ್ಲಾ ಕಾರ್ಮಿಕ ಅಧಿಕಾರಿಯ ಮುಂದೆ ಹೋಗುವುದಿಲ್ಲ. ಬೆಂಗಳೂರಿನಲ್ಲಿರುವ ಕೇಂದ್ರ ಕಾರ್ಮಿಕ ಆಯುಕ್ತರ ಪ್ರಾದೇಶಿಕ ಕಚೇರಿಗೆ ದೂರು ಸಲ್ಲಿಸಬೇಕು.